ಐಷಾರಾಮಿ ಕ್ರೂಸ್: ಈಗಲೇ ಬುಕ್ ಮಾಡಬೇಕೇ, ದರ ಇಳಿಯುವವರೆಗೆ ಕಾಯಬೇಕೇ?

ಎಲ್ಲರಿಗೂ ನಮಸ್ಕಾರ. ನಮ್ಮ ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ನಾನೂ ನನ್ನ ಹೆಂಡತಿಯೂ ಒಂದು ಒಳ್ಳೆಯ ಕ್ರೂಸ್‌ಗೆ ಹೋಗಬೇಕು ಅಂದುಕೊಂಡಿದ್ದೇವೆ. ಸಣ್ಣ ಹಡಗು, ಎಲ್ಲ ಖರ್ಚೂ ಟಿಕೆಟ್‌ನಲ್ಲೇ ಸೇರಿರುವಂಥದ್ದು. ಮೆಡಿಟರೇನಿಯನ್ನೋ ಅಲಾಸ್ಕಾವೋ ಇನ್ನೂ ತೀರ್ಮಾನವಾಗಿಲ್ಲ. ಹೊರಡುವುದಕ್ಕೆ ಇನ್ನೂ ಹದಿನಾಲ್ಕು ತಿಂಗಳಿದೆ. ಈಗಲೇ ಬುಕ್ ಮಾಡಿ ಅಂತ ಏಜೆಂಟ್ ಹೇಳುತ್ತಿದ್ದಾರೆ. ಕೊನೆಯ ತಿಂಗಳಲ್ಲಿ ಬುಕ್ ಮಾಡಿ ಅರ್ಧ ದರಕ್ಕೆ ಹೋಗಿ ಬಂದೆ, ಕಾಯಿ ಅಂತ ಸ್ನೇಹಿತರೊಬ್ಬರು ಹೇಳುತ್ತಾರೆ. ಯಾರ ಮಾತು ಕೇಳಬೇಕೋ ತಿಳಿಯುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ನಿಮ್ಮ ಅನುಭವ ಹಂಚಿಕೊಳ್ಳಿ.

* * *

ಸರ್, ಮೊದಲಿಗೆ ಇಬ್ಬರಿಗೂ ಶುಭಾಶಯ. ನಾನೂ ನಮ್ಮ ಯಜಮಾನರೂ ಇದುವರೆಗೆ ಆರು ಕ್ರೂಸ್ ಮುಗಿಸಿದ್ದೇವೆ. ಅದರಲ್ಲಿ ನಾಲ್ಕು ನೀವು ಹೇಳುವಂಥ ಸಣ್ಣ ಹಡಗಿನವೇ. ನಿಮ್ಮ ಸ್ನೇಹಿತರು ಹೇಳಿದ್ದು ಸುಳ್ಳಿರಲಾರದು. ಆದರೆ ಯಾವ ಹಡಗಿನಲ್ಲಿ ಹೋಗಿದ್ದರು ಅಂತ ಒಮ್ಮೆ ಕೇಳಿ ನೋಡಿ. ದೊಡ್ಡ ಹಡಗೇ ಇರಬೇಕು.

ದೊಡ್ಡ ಹಡಗಿನ ಲೆಕ್ಕವೇ ಬೇರೆ. ಐಕಾನ್ ಆಫ್ ದಿ ಸೀಸ್‌ನಂಥದ್ದರಲ್ಲಿ ರೂಮಿಗೆ ಇಬ್ಬರಂತೆ ಹಿಡಿದರೂ 5,600 ಜನ ಆಗುತ್ತಾರೆ. ಅಷ್ಟೂ ರೂಮನ್ನು ವಾರ ವಾರ ತುಂಬಿಸಬೇಕು. ಹತ್ತಿದ ಜನ ಡ್ರಿಂಕ್ಸ್, ಕ್ಯಾಸಿನೊ, ವೈಫೈ, ಊರು ಸುತ್ತುವ ಟೂರು ಅಂತ ಒಳಗೆ ಮತ್ತೆ ದುಡ್ಡು ಬಿಚ್ಚುತ್ತಾರೆ. ಹಾಗಾಗಿ ರೂಮು ಖಾಲಿ ಬಿಡುವುದಕ್ಕಿಂತ ಅರ್ಧ ದರಕ್ಕೆ ಕೊಟ್ಟರೂ ಕಂಪನಿಗೆ ಗಿಟ್ಟುತ್ತದೆ. ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್ ತರಹದ ಐಷಾರಾಮಿ ಕಂಪನಿಗಳ ಹಡಗುಗಳಲ್ಲಿ ಬಹುತೇಕ ಕಡೆ 750ರೊಳಗೆ ಜನ. ಊಟ, ಡ್ರಿಂಕ್ಸ್, ಟಿಪ್ಸ್ ಎಲ್ಲ ಟಿಕೆಟ್‌ನಲ್ಲೇ ಸೇರಿರುತ್ತದೆ. ರೀಜೆಂಟ್‌ನಲ್ಲಾದರೆ ಬಂದರಿನ ಟೂರುಗಳೂ ಬಹುಪಾಲು ಅದರಲ್ಲೇ ಬರುತ್ತವೆ. ಅರ್ಧ ದರಕ್ಕೆ ಹತ್ತಿಸಿಕೊಂಡವರಿಂದ ಆಮೇಲೆ ಹೆಚ್ಚೇನೂ ಹುಟ್ಟುವುದಿಲ್ಲ. ಜೊತೆಗೆ, ಇಷ್ಟು ಸಣ್ಣ ಹಡಗಿನಲ್ಲಿ ಯಾರು ಎಷ್ಟು ಕೊಟ್ಟು ಬಂದಿದ್ದಾರೆ ಅನ್ನುವುದು ಎರಡನೇ ದಿನದ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಇರುತ್ತದೆ. ವರ್ಷದ ಮೊದಲೇ ಪೂರ್ತಿ ದರ ಕೊಟ್ಟ ಹಳೇ ಗಿರಾಕಿಗಳು ಸುಮ್ಮನಿರುತ್ತಾರೆಯೇ? ಅದಕ್ಕೇ ಈ ಕಂಪನಿಗಳು ದರಕ್ಕೆ ಕತ್ತರಿ ಹಾಕುವುದು ಕಡಿಮೆ. ಅದರ ಬದಲು ಹಡಗಿನಲ್ಲಿ ಬಳಸುವ ಕ್ರೆಡಿಟ್ಟೋ, ವಿಮಾನದ ಟಿಕೆಟ್ಟೋ, ಒಂದು ದರ್ಜೆ ಮೇಲಿನ ಸೂಟೋ (ದೊಡ್ಡ ರೂಮು) ಸೇರಿಸಿ ಕೊಡುತ್ತವೆ.

ಮೊದಲ ಸಲ ನಾವೂ ಕಾದೆವು. ಮೆಡಿಟರೇನಿಯನ್, ಸೆಪ್ಟೆಂಬರ್, ಹತ್ತು ರಾತ್ರಿ. ಒಂದು ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಪ್ರತಿ ಸೋಮವಾರ ದರ ಬರೆದಿಡುತ್ತಿದ್ದೆ. ಎಂಟು ತಿಂಗಳಲ್ಲಿ ದರ ಮೂರು ಸಲ ಏರಿತು, ಒಂದು ಸಲ ಇಳಿಯಿತು. ಇಳಿದಾಗ ನಮ್ಮ ಮನೆಯಲ್ಲಿ ಹಬ್ಬ. ಲೆಕ್ಕ ಹಾಕಿ ನೋಡಿದರೆ, ಅದು ನಾನು ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ ಬರೆದ ದರಕ್ಕಿಂತ ಬರೀ ಶೇ 4ರಷ್ಟು ಕಡಿಮೆ. ಅಷ್ಟು ಹೊತ್ತಿಗೆ ಹಡಗಿನ ನಡುಭಾಗದ ಸೂಟ್‌ಗಳೆಲ್ಲ ಬುಕ್ ಆಗಿಹೋಗಿದ್ದವು. ನಮಗೆ ಸಿಕ್ಕಿದ್ದು ಈಜುಕೊಳದ ಡೆಕ್‌ನ ನೇರ ಕೆಳಗಿನದು.

ಬೆಳಗಿನ ಐದೂವರೆಗೆ ಮೇಲೆ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತಿತ್ತು. ಒಂದು ಕುರ್ಚಿ, ಸ್ವಲ್ಪ ತಡೆದು ಇನ್ನೊಂದು, ಆಮೇಲೆ ಸಾಲಾಗಿ ನಲವತ್ತು. ಹತ್ತು ದಿನವೂ ಅದೇ. ಹಾಸಿಗೆ ಮೇಲೆ ಮಲಗಿಕೊಂಡೇ ಅವರು ಎಷ್ಟನೇ ಸಾಲಿಗೆ ಬಂದಿದ್ದಾರೆ ಅಂತ ನಮ್ಮ ಯಜಮಾನರು ಹೇಳುವಷ್ಟು ಅಭ್ಯಾಸವಾಗಿತ್ತು. ಶೇ 4 ಉಳಿಸಿದ್ದಕ್ಕೆ ಆ ನಿದ್ದೆ ಕೊಟ್ಟೆವಲ್ಲ ಅಂತ ನನಗೆ ಈಗಲೂ ಬೇಸರ.

ಆಮೇಲಿನ ಮೂರು ಸಲ ಬೇರೆ ದಾರಿ ಹಿಡಿದೆವು. ಕಾಯುವುದನ್ನು ಬಿಡಲಿಲ್ಲ, ಆದರೆ ಕ್ಯಾಬಿನ್ ಕೈಯಲ್ಲಿ ಹಿಡಿದುಕೊಂಡು ಕಾದೆವು. ಹದಿಮೂರು, ಹದಿನೈದು ತಿಂಗಳ ಮೊದಲೇ ಬೇಕಾದ ಡೆಕ್, ಬೇಕಾದ ಕ್ಯಾಬಿನ್ ಆರಿಸಿ ಮುಂಗಡ ಕಟ್ಟಿದೆವು. ಪೂರ್ತಿ ಹಣ ಕಟ್ಟುವ ಕೊನೆಯ ದಿನ ಇರುವುದು ಹೊರಡುವುದಕ್ಕೆ ಸುಮಾರು 90ರಿಂದ 150 ದಿನ ಮೊದಲು, ಕಂಪನಿಗೊಂದು ತರಹ. ಅಲ್ಲಿಯವರೆಗೆ ದರ ಇಳಿದರೆ ಬಹಳಷ್ಟು ಕಂಪನಿಗಳು ಹೊಸ ದರಕ್ಕೆ ನಿಮ್ಮ ಬುಕಿಂಗ್ ತಿದ್ದಿ ಕೊಡುತ್ತವೆ. ಆದರೆ ತಾವಾಗಿ ಹೇಳುವುದಿಲ್ಲ, ನಾವೇ ಕಣ್ಣಿಟ್ಟು ಕೇಳಬೇಕು. ಒಂದು ಸಲ ದರ ಇಳಿಸಿ ಕೊಟ್ಟರು. ಇನ್ನೊಂದು ಸಲ ದರ ಬದಲಿಸದೆ, ಅಷ್ಟೇ ಮೊತ್ತದ ಕ್ರೆಡಿಟ್ ಕೊಟ್ಟರು. ಮೂರನೇ ಸಲ ದರ ಏರುತ್ತಲೇ ಹೋಯಿತು. ನಾವು ಹಳೇ ದರದಲ್ಲೇ ಹೋಗಿ ಬಂದೆವು.

ಒಂದೇ ಎಚ್ಚರ: ಕೆಲವು ಅಗ್ಗದ ದರಗಳಲ್ಲಿ ಮುಂಗಡ ವಾಪಸ್ ಬರುವುದಿಲ್ಲ, ದರ ತಿದ್ದುವುದೂ ಇಲ್ಲ. ದುಡ್ಡು ಕಟ್ಟುವ ಮೊದಲು ಏಜೆಂಟ್ ಹತ್ತಿರ ಎರಡು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲೇ ತರಿಸಿಕೊಳ್ಳಿ. ಮುಂಗಡ ಯಾವ ತಾರೀಖಿನವರೆಗೆ ಪೂರ್ತಿ ವಾಪಸ್ ಬರುತ್ತದೆ? ದರ ಇಳಿದರೆ ನನಗೂ ಅದು ಸಿಗುತ್ತದೆಯೇ?

* * *

ಮೇಡಂ ಹೇಳಿದ್ದು ಸರಿ. ಆದರೂ ಕಾದು ಗೆದ್ದವರ ಪರವಾಗಿ ನಾನೊಬ್ಬ ಮಾತಾಡುತ್ತೇನೆ. ನಾನು ನಿವೃತ್ತ. ಯಾವ ತಿಂಗಳಾದರೂ ಸೈ, ಯಾವ ಕ್ಯಾಬಿನ್ ಆದರೂ ಸೈ, ಎಲ್ಲಿಗಾದರೂ ಸೈ. ಇಂಥವರಿಗೆ ಕಾಯುವುದೇ ಲಾಭ.

ವಸಂತದಲ್ಲಿ ಕೆರಿಬಿಯನ್ ಸೀಸನ್ ಮುಗಿಸಿದ ಹಡಗುಗಳು ಅಟ್ಲಾಂಟಿಕ್ ದಾಟಿ ಯುರೋಪಿಗೆ ಬರುತ್ತವೆ, ಶರತ್ಕಾಲದಲ್ಲಿ ವಾಪಸ್ ಹೋಗುತ್ತವೆ. ರೀಪೊಸಿಷನಿಂಗ್ ಅನ್ನುತ್ತಾರೆ. ಹಡಗು ಹೇಗೂ ಹೋಗಲೇಬೇಕು, ಬಂದರುಗಳು ಕಡಿಮೆ, ಸಮುದ್ರದ ಮೇಲೆಯೇ ಆರೇಳು ದಿನ. ರಜೆ ಎಣಿಸಿ ಬರುವವರಿಗೆ ಇದು ಬೇಡ. ಹಾಗಾಗಿ ದಿನದ ಲೆಕ್ಕದಲ್ಲಿ ಐಷಾರಾಮಿ ಹಡಗು ಇಷ್ಟು ಅಗ್ಗಕ್ಕೆ ಸಿಗುವುದು ಬಹುಶಃ ಇಲ್ಲೇ. ನಾನು ಎರಡು ಸಲ ಹೊರಡುವುದಕ್ಕೆ ಆರು ವಾರ ಇರುವಾಗ ಬುಕ್ ಮಾಡಿದ್ದೇನೆ. ಏಳು ದಿನ ನೆಲವೇ ಕಾಣದೆ, ಬೆಳಗೆದ್ದು ಡೆಕ್‌ಗೆ ಬಂದರೆ ಸುತ್ತ ನೀಲಿ ಬಿಟ್ಟರೆ ಏನೂ ಇಲ್ಲ. ಹೆಚ್ಚುಕಡಿಮೆ ಪ್ರತಿ ರಾತ್ರಿ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಬೇಕು ಅಂತ ದಿಂಬಿನ ಮೇಲೆ ಚೀಟಿ ಇಟ್ಟಿರುತ್ತಿದ್ದರು. ನನಗೆ ಅದೇ ಸುಖ.

ಆದರೆ ಇದರಲ್ಲಿ ಹತ್ತುವ ಊರು ಬೇರೆ, ಇಳಿಯುವ ಊರು ಬೇರೆ. ವಿಮಾನದ ಟಿಕೆಟ್ಟನ್ನೂ ಕೊನೆ ಗಳಿಗೆಯಲ್ಲೇ ಕೊಳ್ಳಬೇಕು. ಹಡಗಿನಲ್ಲಿ ಉಳಿಸಿದ್ದನ್ನು ವಿಮಾನಕ್ಕೆ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವೀಸಾ ಬೇಕಾದವರಿಗೆ ಆರು ವಾರ ಸಾಲದೆಯೂ ಹೋಗಬಹುದು. ಮದುವೆಯ ವಾರ್ಷಿಕೋತ್ಸವಕ್ಕೆ ಅಂತ ತಾರೀಖು ಗೊತ್ತಿರುವವರಿಗೆ ನಾನು ಈ ದಾರಿ ಹೇಳುವುದಿಲ್ಲ.

* * *

ಒಂಟಿಯಾಗಿ ಹೋಗುವವರಿಗೆ ಒಂದು ಮಾತು. ನಾವು ಒಬ್ಬರೇ ಇದ್ದರೂ ಕ್ಯಾಬಿನ್ ಇಬ್ಬರದು. ಹಾಗಾಗಿ ಸಿಂಗಲ್ ಸಪ್ಲಿಮೆಂಟ್ ಅಂತ ಸೇರಿಸುತ್ತಾರೆ, ಹಲವು ಕಡೆ ನೇರವಾಗಿ ಇಬ್ಬರ ದರವೇ. ಕೆಲವು ಯಾನಗಳಿಗೆ ಮಾತ್ರ ಅದನ್ನು ಇಳಿಸುತ್ತಾರೆ, ಅದೂ ಕೆಲವೇ ಕ್ಯಾಬಿನ್‌ಗಳಿಗೆ. ನನ್ನ ಅನುಭವದಲ್ಲಿ ಅವು ಮೊದಲ ಕೆಲವು ವಾರಗಳಲ್ಲೇ ಮುಗಿದು ಹೋಗುತ್ತವೆ. ಒಂಟಿಯಾದವರು ಬೇಗ ಹೋಗಿ ಕೇಳುವುದೇ ಒಳ್ಳೆಯದು.

* * *

ಮೆಡಿಟರೇನಿಯನ್ನೋ ಅಲಾಸ್ಕಾವೋ ಅಂತ ಕೇಳಿದ್ದೀರಿ. ಬುಕಿಂಗ್ ಯಾವಾಗ ಅನ್ನುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಕೆಲವು ಕಡೆ ಹಡಗಿಗೇ ಜಾಗ ಇಲ್ಲ, ಅಲ್ಲಿ ಜನರಿಗೆ ರಿಯಾಯಿತಿ ಎಲ್ಲಿಂದ ಬರಬೇಕು?

ಅಲಾಸ್ಕಾ ಸೀಸನ್ ಹೆಚ್ಚುಕಡಿಮೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗಿಗೆ ಪ್ರವೇಶ. ಅಲ್ಲಿಗೆ ಹೋಗುವ ಯಾನಗಳು ಬೇಗ ತುಂಬುತ್ತವೆ, ಅಲ್ಲಿಗೆ ಹೋಗದ ಯಾನಗಳು ರಿಯಾಯಿತಿಯಲ್ಲಿ ಕಾಣಿಸಿಕೊಳ್ಳುತ್ತವೆ. ಜಾಹೀರಾತು ನೋಡುವಾಗ ಇದನ್ನು ಗಮನಿಸಿ. ಗಲಪಗೋಸ್‌ನಲ್ಲಿ ಒಂದು ಹಡಗಿಗೆ 100 ಪ್ರಯಾಣಿಕರೇ ಮಿತಿ. ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನರಿಗಿಂತ ಹೆಚ್ಚು ಇಳಿಯುವಂತಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತೆಯೇ ಇಲ್ಲ. ಅಂಟಾರ್ಕ್ಟಿಕಾ ಹಡಗುಗಳು ಹೊರಡುವ ಅರ್ಜೆಂಟೀನಾದ ಉಶುವಾಯಾ ಊರಿಗೆ ಹೋಗಿ ಕೂತು, ಕೊನೆ ದಿನಗಳಲ್ಲಿ ಸಿಕ್ಕ ಸೀಟು ಹಿಡಿಯುವ ಧೈರ್ಯವಂತರೂ ಇದ್ದಾರೆ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಎರಡು ಮೂರು ವಾರ ಇರುವವರಿಗೆ ಅದು ಸರಿ.

ಇನ್ನು ವಿಶ್ವಯಾನಗಳ ಕಥೆ ಕೇಳಲೇಬೇಡಿ. ರೀಜೆಂಟ್‌ನ 2024ರ ವಿಶ್ವಯಾನಕ್ಕೆ 2021ರಲ್ಲಿ ಬುಕಿಂಗ್ ತೆರೆದಾಗ ಮೂರು ಗಂಟೆಯೊಳಗೆ ಎಲ್ಲ ಮುಗಿದಿತ್ತು.

ಮೆಡಿಟರೇನಿಯನ್ ಇಷ್ಟು ಬಿಗಿಯಿಲ್ಲ. ಹಡಗುಗಳು ಬಹಳ, ಸೀಸನ್ನೂ ಉದ್ದ. ಜುಲೈ, ಆಗಸ್ಟ್ ಬಿಟ್ಟು ಏಪ್ರಿಲ್‌ಗೋ ಅಕ್ಟೋಬರ್ ಕೊನೆಗೋ ಹೊರಳಿದರೆ ಕಾಯದೆಯೇ ದರ ಕಡಿಮೆ. ಆದರೆ ವೆನಿಸ್ ಅಂತ ಬರೆದಿದ್ದ ಮಾತ್ರಕ್ಕೆ ಹಡಗು ವೆನಿಸ್‌ಗೆ ಹೋಗುತ್ತದೆ ಅಂದುಕೊಳ್ಳಬೇಡಿ. 2021ರ ಆಗಸ್ಟ್‌ನಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ಊರ ನಡುವಿನ ಸೇಂಟ್ ಮಾರ್ಕ್ಸ್ ಚೌಕದ ಮುಂದೆ ಹಾದು ಹೋಗುವಂತಿಲ್ಲ. ಎಷ್ಟೋ ಹಡಗು ರವೆನ್ನಾದಲ್ಲೋ ಟ್ರಿಯೆಸ್ಟೆಯಲ್ಲೋ ನಿಲ್ಲುತ್ತವೆ, ಅಲ್ಲಿಂದ ಬಸ್ಸಿನಲ್ಲಿ ಹೋಗಬೇಕು.

* * *

ಬೇಗ ಬುಕ್ ಮಾಡಿ ಅಂತ ಎಲ್ಲರೂ ಹೇಳುತ್ತಿದ್ದೀರಿ, ನನಗೆ ಆದದ್ದನ್ನೂ ಕೇಳಿ. ಹದಿನಾರು ತಿಂಗಳ ಮೊದಲು ಬುಕ್ ಮಾಡಿದ್ದೆ. ಹೊರಡಲು ಐದು ತಿಂಗಳಿರುವಾಗ ಆ ಹಡಗನ್ನು ಇಡಿಯಾಗಿ ಯಾರೋ ಬಾಡಿಗೆಗೆ ಹಿಡಿದರು, ನಮ್ಮ ಯಾನ ರದ್ದು ಅಂತ ಒಂದು ಇಮೇಲ್ ಬಂತು. ದುಡ್ಡು ವಾಪಸ್ ಬಂತು ನಿಜ. ಆದರೆ ನಾನು ಬೇರೆಯಾಗಿ ಕೊಂಡಿದ್ದ, ವಾಪಸ್ ಬರದ ವಿಮಾನ ಟಿಕೆಟ್ ಮುಳುಗಿತು. ಒಪ್ಪಂದದ ಸಣ್ಣ ಅಕ್ಷರಗಳಲ್ಲಿ ಹಡಗು, ದಾರಿ, ಬಂದರು ಯಾವುದನ್ನು ಬೇಕಾದರೂ ಬದಲಿಸುವ ಹಕ್ಕು ಕಂಪನಿಗೆ ಇರುತ್ತದೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದಾಗ ಅಲ್ಲಿ ಹಾದು ಹೋಗಬೇಕಿದ್ದ ಎಷ್ಟೋ ಯಾನಗಳ ದಾರಿಯೇ ಬದಲಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು 2022ರದ್ದು. ಕ್ರಿಸ್ಟಲ್ ಕ್ರೂಸಸ್ ಐಷಾರಾಮದಲ್ಲಿ ಎಲ್ಲರಿಗಿಂತ ಮೇಲೆ ಅಂತ ಹೆಸರಾದ ಕಂಪನಿ. ಅದರ ಒಡೆಯ ಸಂಸ್ಥೆ ಗೆಂಟಿಂಗ್ ಹಾಂಗ್‌ಕಾಂಗ್ ಆ ವರ್ಷದ ಜನವರಿಯಲ್ಲಿ ದಿವಾಳಿಯಾಯಿತು, ಹಡಗುಗಳು ನಿಂತುಹೋದವು, ಮುಂಗಡ ಕಟ್ಟಿದವರು ದುಡ್ಡಿಗಾಗಿ ಅಲೆದರು. ಆಮೇಲೆ ಬೇರೆಯವರು ಹೆಸರನ್ನೂ ಹಡಗುಗಳನ್ನೂ ಕೊಂಡು 2023ರಲ್ಲಿ ಮತ್ತೆ ನಡೆಸಿದರು. ಅದಕ್ಕೇ ಹೇಳುತ್ತೇನೆ: ಮುಂಗಡವನ್ನು ಕ್ರೆಡಿಟ್ ಕಾರ್ಡ್‌ನಲ್ಲೇ ಕಟ್ಟಿ, ತಗಾದೆ ಹಾಕಲು ಒಂದು ದಾರಿಯಾದರೂ ಇರುತ್ತದೆ. ಬೇಗ ಕಟ್ಟಿದರೆ ಶೇ 10 ರಿಯಾಯಿತಿ ಅಂತ ಪೂರ್ತಿ ಹಣ ಒಟ್ಟಿಗೆ ಕೊಡಬೇಡಿ. ವಿಮೆ ಮುಂಗಡದ ಜೊತೆಗೇ ತೆಗೆದುಕೊಳ್ಳಿ, ಕಂಪನಿ ಮುಳುಗಿದರೆ ಅದರಲ್ಲಿ ಸಿಗುತ್ತದೆಯೇ ಅಂತ ಓದಿ ನೋಡಿ.

* * *

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸ್ನೇಹಿತರನ್ನು ಕೇಳಿದೆ, ಅವರದು ನಾಲ್ಕು ಸಾವಿರ ಜನರ ಹಡಗಂತೆ. ನನ್ನದೊಂದು ಆತಂಕ ಉಳಿದಿದೆ. ಅಪ್ಪನಿಗೆ ಎಂಬತ್ತೊಂದು, ಆರೋಗ್ಯ ಅಷ್ಟಕ್ಕಷ್ಟೆ. ಹದಿನಾಲ್ಕು ತಿಂಗಳಲ್ಲಿ ಏನಾಗುತ್ತದೋ ಹೇಳುವಂತಿಲ್ಲ. ಹಾಗಿದ್ದರೂ ಈಗಲೇ ಬುಕ್ ಮಾಡಬಹುದೇ? ಜನವರಿಯಿಂದ ಮಾರ್ಚ್‌ವರೆಗೆ ವೇವ್ ಸೀಸನ್ ಅಂತೆ, ಆಫರ್ ಜಾಸ್ತಿಯಂತೆ, ಅಲ್ಲಿಯವರೆಗೆ ಕಾಯಲೇ?

* * *

ಸರ್, ಮೊದಲು ಬರೆದಿದ್ದ ನಾನೇ. ವೇವ್ ಸೀಸನ್‌ನಲ್ಲಿ ಆಫರ್ ಬರುವುದು ನಿಜ. ಆದರೆ ಅದು ನಿಮ್ಮ ಕೊನೆಯ ಕಂತಿಗಿಂತ ಮೊದಲೇ ಬಂದರೆ ಈಗ ಮಾಡಿದ ಬುಕಿಂಗ್‌ಗೂ ಕೇಳಬಹುದಲ್ಲ. ಅದಕ್ಕಾಗಿ ಕ್ಯಾಬಿನ್ ಬಿಟ್ಟು ಕೂರಬೇಡಿ.

ಅಪ್ಪನ ವಿಷಯ ಓದಿ ನಮ್ಮ ಅತ್ತೆ ನೆನಪಾದರು. ಅವರಿಗೆ ಹುಷಾರಿಲ್ಲದ ವರ್ಷವೇ ನಾವು ಮೂರನೇ ಕ್ರೂಸ್ ಬುಕ್ ಮಾಡಿದ್ದು. ಮನೆಯಲ್ಲಿ ವಯಸ್ಸಾದವರಿದ್ದರೆ ಬೇಗ ಬುಕ್ ಮಾಡುವುದೇ ಕ್ಷೇಮ, ಮುಂಗಡ ವಾಪಸ್ ಬರುವ ದರ ಆರಿಸಿದ್ದರೆ. ಯಾಕೆಂದರೆ ಕೊನೆಯ ಕಂತಿನ ದಿನದವರೆಗೆ ಕ್ಯಾನ್ಸಲ್ ಮಾಡಿದರೆ ಪೂರ್ತಿಯೋ, ಸಣ್ಣ ಶುಲ್ಕ ಕಳೆದೋ ದುಡ್ಡು ವಾಪಸ್ ಬರುತ್ತದೆ. ಆ ದಿನ ದಾಟಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿತ ಹೆಚ್ಚುತ್ತದೆ, ಕೊನೇ ತಿಂಗಳಲ್ಲಿ ಏನೂ ಬರುವುದಿಲ್ಲ. ಕಾದು ಕೊನೇ ತಿಂಗಳಲ್ಲಿ ಅಗ್ಗಕ್ಕೆ ಕೊಂಡವರು ನೇರವಾಗಿ ಆ ಮೆಟ್ಟಿಲ ತುದಿಗೇ ಹತ್ತಿ ನಿಂತಿರುತ್ತಾರೆ: ಬೆಳಿಗ್ಗೆ ಬುಕ್ ಮಾಡಿ ಸಂಜೆ ಮನೆಯಿಂದ ಫೋನ್ ಬಂದರೂ ಒಂದು ಪೈಸೆ ಸಿಗುವುದಿಲ್ಲ. ಅರ್ಧ ದರದ ಜಾಹೀರಾತಿನಲ್ಲಿ ಇದನ್ನು ಯಾರೂ ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ.

ಕೊನೆಯ ಕಂತಿಗೆ ಹತ್ತು ದಿನ ಮೊದಲಿನ ತಾರೀಖಿಗೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಆ ದಿನ ಇಬ್ಬರೂ ಕೂತು ಅಪ್ಪನ ಆರೋಗ್ಯ, ವೀಸಾ, ಆ ವಾರದ ದರ ಮೂರನ್ನೂ ನೋಡಿ, ಹೋಗುವುದೋ ಬಿಡುವುದೋ ತೀರ್ಮಾನಿಸಿ. ವಿಮೆಯಲ್ಲಿ ಜೊತೆಗೆ ಬರದ ತಂದೆ ತಾಯಿಯ ಕಾಯಿಲೆಗೂ ರಕ್ಷಣೆ ಇದೆಯೇ, ಮೊದಲೇ ಇದ್ದ ಕಾಯಿಲೆ ಸೇರುತ್ತದೆಯೇ ಅಂತ ಕೇಳಲು ಮರೆಯಬೇಡಿ. ಎಷ್ಟೋ ಪಾಲಿಸಿಗಳು ಎಡವುವುದು ಅಲ್ಲೇ.

ಗ್ಯಾರಂಟಿ ಕ್ಯಾಬಿನ್ ಅಂತ ಸ್ವಲ್ಪ ಅಗ್ಗಕ್ಕೆ ತೋರಿಸಿದರೆ ಬೇಡ ಅನ್ನಿ. ಅದರಲ್ಲಿ ದರ್ಜೆ ಗ್ಯಾರಂಟಿ, ಜಾಗ ಅವರು ಕೊಟ್ಟದ್ದು. ನಂಬರ್ ನೀವೇ ಆರಿಸಿ, ಮುಂಗಡ ಕಟ್ಟುವ ಮೊದಲು ಇಲ್ಲಿ ಹಾಕಿ. ಡೆಕ್ ಪ್ಲಾನ್ ತೆಗೆದು ತಲೆ ಮೇಲೆ ಏನಿದೆ, ಕೆಳಗೆ ಏನಿದೆ ಅಂತ ನೋಡಿ ಹೇಳುತ್ತೇನೆ.