ಸಹಾಯ ಬೇಕು: ಗ್ರೀನಿಶ್ ವಾರ್ಬ್ಲರಾ, ಗ್ರೀನ್ ವಾರ್ಬ್ಲರಾ?

ಎಲ್ಲರಿಗೂ ನಮಸ್ಕಾರ. ಶರತ್ಕಾಲದ ವಲಸೆ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ಒಂದೇ ಕಾಲುದಾರಿಯಲ್ಲಿ ನಡೆಯುತ್ತಿದ್ದೇನೆ. ಎತ್ತರದ ಮರದ ತುದಿಯಲ್ಲಿ ಪುಟ್ಟ ಉಲಿಯಕ್ಕಿಯೊಂದು (ವಾರ್ಬ್ಲರ್) ಮೂರು ದಿನದಿಂದ ಕಾಣಿಸುತ್ತಿದೆ. ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಎಲೆಯ ಅಡಿಗೆ ಕತ್ತು ತಿರುಗಿಸಿ ಹುಳ ಕಿತ್ತುಕೊಂಡು, ರೆಕ್ಕೆ ಪಟಪಟಿಸಿ ಮುಂದಿನ ರೆಂಬೆಗೆ ಹಾರುತ್ತದೆ. ಬೆನ್ನು ಹಸಿರು, ಹುಬ್ಬಿನ ಗೆರೆ ಉದ್ದ, ರೆಕ್ಕೆಯ ಮೇಲೆ ತೆಳುವಾದ ಒಂದು ಪಟ್ಟಿ. ಎರಡನೆಯದು ಇದ್ದಂತೆಯೂ ಒಮ್ಮೆ ಅನ್ನಿಸಿತು, ಆದರೆ ಬೆಳಕು ಎದುರಿಗಿತ್ತು.

ಗ್ರೀನಿಶ್ ಕೂಗು ಎರಡು ಸ್ವರದ್ದು, ಗ್ರೀನ್‌ನದು ಮೂರು ಸ್ವರದ್ದು, ಅದರ ಹೊಟ್ಟೆಯಲ್ಲಿ ಹಳದಿ ಹೆಚ್ಚು ಎಂದು ಓದಿದ್ದೇನೆ. ಕೇಳಿಸಿದ್ದು "ಚಿ-ಸ್ಲೀ", ಆದರೆ ಅದರ ನಡುವೆ ಇನ್ನೊಂದು ಸಣ್ಣ ಸ್ವರ ನುಂಗಿದಂತೆ ಇರುತ್ತದೆ. ಕೂಗು ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಮತ್ತೊಂದು ಹೇಳುತ್ತಿದೆ.

ಕೂಗಿನ ರೆಕಾರ್ಡಿಂಗ್, ಮಸುಕಾದ ಎರಡು ಫೋಟೋ ಹಾಕಿದ್ದೇನೆ. ಈ ಎರಡೂ ಜಾತಿಯನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಕೇಳಿ ಹೇಳಿ. ಕೂಗಿನ ಚಿತ್ರರೂಪವಾದ ಸೋನೋಗ್ರಾಮ್‌ನಲ್ಲಿ ಯಾವ ಭಾಗ ನೋಡಬೇಕು? ಕೂಗನ್ನು ಪ್ಲೇ ಮಾಡಿ ಹಕ್ಕಿಯನ್ನು ಕರೆಯುವುದು ನನಗೆ ಬೇಡ. ದೂರದಿಂದ ದಣಿದು ಬಂದಿದೆ, ಹೊಟ್ಟೆ ತುಂಬಿಸಿಕೊಳ್ಳಲಿ. ಖಚಿತವಾಗದಿದ್ದರೆ ಹಕ್ಕಿ ದಾಖಲೆಯ ತಾಣ ಇಬರ್ಡ್‌ನಲ್ಲಿ ಎರಡೂ ಹೆಸರು ಸೇರಿಸಿ ಬರೆಯುವುದು ಹೇಗೆಂದೂ ತಿಳಿಸಿ.