ಉದುರಿದ ಎಲೆಗಳ ಜೋಡಿ ಆಟ: ಎಲೆ ಮುದುರದ ಹಾಗೆ ಅಂಟಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಈಗ ಎಲೆ ಉದುರುವ ಕಾಲ, ಗುಡಿಸಿದಷ್ಟೂ ಅಂಗಳದ ತುಂಬಾ ಎಲೆ. ಮಗಳಿಗೂ ಅಕ್ಕನ ಮಗನಿಗೂ ಅದರಲ್ಲೇ ಒಂದು ಆಟ ಮಾಡುತ್ತಿದ್ದೇನೆ. ಹಳೆ ಮದುವೆ ಕಾಗದ ಕತ್ತರಿಸಿ 24 ಚೀಟಿ, ಅದಕ್ಕೆ 12 ಜೊತೆ ಎಲೆ. ಚೀಟಿ ಬೋರಲು ಹಾಕಿ ಜೋಡಿ ಹುಡುಕಬೇಕು, ಅಷ್ಟೇ.

ಅರಳಿ, ಹೊನ್ನೆ, ಹಲಸು, ತೇಗದ ತುಂಡು ಎಲ್ಲ ಇದೆ. ಮಕ್ಕಳಿಗೆ ಜಾಸ್ತಿ ಇಷ್ಟ ಬಾದಾಮಿ ಮರದ ಕೆಂಪು ಎಲೆ.

ಮೊದಲು ಹಸಿ ಎಲೆಯನ್ನೇ ಫೆವಿಕಾಲ್ ಹಾಕಿ ಅಂಟಿಸಿದೆ. ಎರಡೇ ದಿನಕ್ಕೆ ಎಲೆ ಮುದುರಿತು, ಜೊತೆಗೆ ಚೀಟಿಯೂ ಬಾಗಿತು. ಈಗ ಮಗಳು ಬಾಗಿದ ಚೀಟಿಯ ಬೆನ್ನು ನೋಡಿಯೇ "ಇದು ಬಾದಾಮಿ" ಅಂತಾಳೆ. ಆಮೇಲೆ ಆಟ ಎಲ್ಲಿ ಉಳಿಯುತ್ತೆ, ಅಲ್ವಾ? ಎರಡನೇ ಸಲ ಅಡಿಕೆ ಜೊತೆ ಅಟ್ಟದ ಬಿಸಿಲಿಗೆ ಹಾಕಿದೆ. ಹಪ್ಪಳದ ಹಾಗೆ ಪುಡಿಯಾಯಿತು. ಮೂರನೇ ಸಲ ಪೇಪರ್ ನಡುವೆ ಇಟ್ಟು ಮೇಲೆ ಮಣೆ, ಅದರ ಮೇಲೆ ರುಬ್ಬುವ ಗುಂಡು ಹೇರಿದೆ. ಪೇಪರ್ ಬದಲಿಸದೆ ಬಿಟ್ಟಿದ್ದಕ್ಕೋ ಏನೋ, ನಾಲ್ಕನೇ ದಿನ ಬೂಸಲು. ಕೆಂಪೂ ಕಂದಾಗಿತ್ತು.

ಎಷ್ಟು ಒಣಗಿದ ಮೇಲೆ ಅಂಟಿಸಬೇಕು ಅನ್ನೋದೇ ನನಗೆ ಗೊತ್ತಾಗುತ್ತಿಲ್ಲ. ಪೂರ್ತಿ ಒಣಗಿದರೆ ಒಡೆಯುತ್ತದೆ, ಅರ್ಧ ಒಣಗಿದರೆ ಮುದುರುತ್ತದೆ.

ಮಾಡಿ ನೋಡಿದವರು ದಯವಿಟ್ಟು ಹೇಳಿ: ಪೇಪರ್ ನಡುವೆ ಎಷ್ಟು ದಿನ ಇಡಬೇಕು? ಅಂಟಿಸಿದ ಮೇಲೆ ಕೆಂಪು ಉಳಿಯೋಕೆ ಮೇಲಿಂದ ಏನು ಹಚ್ಚಬೇಕು?