ಗಾಬಾ ಕಮ್ಮಿ, ಗಾಬರಿ ಜಾಸ್ತಿ

ಸೀನ ಖಿನ್ನತೆಗೆ ಮಾತ್ರೆ ಶುರುಮಾಡಿ ಆರು ತಿಂಗಳು. ಈಗ ಎರಡನೇ ಪ್ಲೇಟ್ ಗೋಬಿ ಮಂಚೂರಿ ಕೇಳೋವಷ್ಟು ಸುಧಾರಿಸಿದ್ದಾನೆ.

"ಲೋ ನಾಗೇಶ, ನಿಮ್ಮ ಎಂಆರ್‌ಐ ಮಿಷನ್ನಲ್ಲಿ ನನ್ನ ಖಿನ್ನತೇದು ಒಂದು ಫಿಲ್ಮ್ ತೆಗೆದುಕೊಡೋ. ನಮ್ಮತ್ತೆಗೆ ತೋರಿಸ್ಬೇಕು. ಅಳಿಯಂದ್ರಿಗೆ ರೋಗ ಅಲ್ಲ, ಮೈಗಳ್ಳತನ ಅಂತಾರೆ."

"ಫಿಲ್ಮಲ್ಲಿ ಕಾಣಲ್ಲ ಕಣೋ. ಸ್ಪೆಕ್ಟ್ರೋಸ್ಕೋಪಿ ಅಂತಿದೆ. ಅದೇ ಮಿಷನ್ನು, ಚಿತ್ರದ ಬದಲು ಗ್ರಾಫ್ ಬರುತ್ತೆ. ಮಿದುಳಲ್ಲಿ ಮೈಸೂರ್‌ಪಾಕ್ ತುಂಡಿನಷ್ಟು ಜಾಗ ಗುರುತು ಹಾಕಿದ್ರೆ, ಅಲ್ಲಿರೋ ರಾಸಾಯನಿಕಗಳದ್ದು ಒಂದೊಂದೇ ಗುಡ್ಡ ಏಳುತ್ತೆ."

"ಖಿನ್ನತೆ ಅಂದ್ರೆ ಎಲ್ಲರೂ ಹೇಳೋ ಆ ಸೆರೊಟೋನಿನ್ ರಾಸಾಯನಿಕದ ಗುಡ್ಡ ಯಾವ್ದು?"

"ಅದು ಕಾಣೋದೇ ಇಲ್ಲ, ಅಷ್ಟು ಕಮ್ಮಿ ಇರುತ್ತೆ. ಗ್ಲುಟಮೇಟ್ ಸಿಗುತ್ತೆ, ಕಷ್ಟಪಟ್ರೆ ಗಾಬಾ. ಮೊದಲನೇದು ನರಕೋಶಗಳನ್ನ ಕೆಣಕುತ್ತೆ, ಗಾಬಾ ಸುಮ್ಮನಿರಿಸುತ್ತೆ. 1999ರಲ್ಲಿ ಅಮೆರಿಕದ ಯೇಲ್‌ನವರು ಖಿನ್ನತೆ ಇದ್ದೋರ ಮಿದುಳಿನ ಹಿಂಭಾಗದಲ್ಲಿ ಗಾಬಾ ಕಮ್ಮಿ ಅಂತ ಅಳೆದು ತೋರಿಸಿದ್ರು."

"ಗಾಬಾ ಕಮ್ಮಿಯಾದ್ರೆ ಗಾಬರಿ ಜಾಸ್ತಿ," ಅಂದ್ರು ಅಕ್ಕಿ ಮಂಡಿ ಶೆಟ್ಟರು. ಪ್ರಾಸ ಸಿಕ್ಕಿದ್ರೆ ಅವರಿಗೆ ರೋಗ, ಔಷಧಿ ಎರಡೂ ಬೇಡ. "ಅದ್ಸರಿ, ಕಷ್ಟ ಯಾಕೆ?"

"ಕ್ರಿಯಾಟಿನ್ ಅನ್ನೋ ದೊಡ್ಡ ಗುಡ್ಡದ ಅಡೀಲಿ ಗಾಬಾ ಅಡಗಿರುತ್ತೆ ಶೆಟ್ರೇ. ಅದಕ್ಕೆ ಎರಡು ಥರ ಅಳೀತೀವಿ. ಒಂದರಲ್ಲಿ ಬೇರೆ ರೇಡಿಯೋ ಅಲೆಯ ಪಲ್ಸ್ ಕೊಟ್ಟು ಗಾಬಾ ಮಾತ್ರ ಬದಲಾಗೋ ಹಾಗೆ ಮಾಡ್ತೀವಿ, ಕ್ರಿಯಾಟಿನ್ ಇದ್ದಂಗೇ ಇರುತ್ತೆ. ಒಂದರಲ್ಲೊಂದು ಕಳೆದ್ರೆ ಕ್ರಿಯಾಟಿನ್ ಮಾಯ."

"ನಮ್ಮ ಅಂಗಡಿ ಲೆಕ್ಕಾನೇ! ಮೂಟೆ ತೂಗಿ ಗೋಣಿಚೀಲ ಕಳೆಯೋದು." (ಶೆಟ್ಟರು ಚೀಲ ಕಳೆದಿದ್ದನ್ನ ನಾನಂತೂ ನೋಡಿಲ್ಲ.)

ಸೀನ ಪ್ಲೇಟ್ ನೋಡಿಕೊಂಡ. "ಈ ಗೋಬಿಗೆ ಹಾಕೋ ಟೇಸ್ಟಿಂಗ್ ಪೌಡರೂ ಗ್ಲುಟಮೇಟೇ ಅಲ್ವೇನೋ? ಗುಡ್ಡ ಇಲ್ಲೇ ಬೆಳೀತಿದ್ಯಾ?"

"ತಿನ್ನು ತಿನ್ನು. ರಕ್ತಕ್ಕೂ ಮಿದುಳಿಗೂ ಮಧ್ಯೆ ತಡೆಗೋಡೆ ಇದೆ, ತಿಂದಿದ್ದು ಸಲೀಸಾಗಿ ಒಳಗೆ ಹೋಗಲ್ಲ. ಹೊಟ್ಟೆ ಕೆಟ್ರೆ ಅದು ಬೇರೆ ಡಿಪಾರ್ಟ್‌ಮೆಂಟು."

"ಸರಿ, ನನ್ನ ಗ್ರಾಫ್ ಯಾವಾಗ ತೆಗೀತೀಯ?"

ನಾಗೇಶ ಟೂತ್‌ಪಿಕ್ ಕೆಳಗಿಟ್ಟ. "ತೆಗೆದ್ರೂ ಪ್ರಯೋಜನ ಇಲ್ವೋ. ವ್ಯತ್ಯಾಸ ಕಾಣೋದು ಗುಂಪಿನ ಸರಾಸರೀಲಿ. ನಿನ್ನೊಬ್ಬನ ಗುಡ್ಡ ನೋಡಿ ಖಿನ್ನತೆ ಇದೆ, ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ವಯಸ್ಸಿಗೆ ಬದಲಾಗುತ್ತೆ, ತಲೆ ಅಲ್ಲಾಡಿಸಿದ್ರೆ ಕೆಡುತ್ತೆ. ಡಾಕ್ಟ್ರು ಈಗ್ಲೂ ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ಕೇಳೇ ತೀರ್ಮಾನ ಮಾಡ್ತಾರೆ."

"ನಮ್ಮತ್ತೇನೂ ಅದೇ ಕೇಳ್ತಾರಲ್ಲೋ. ಉತ್ತರ ಮಾತ್ರ ನಂಬಲ್ಲ." ಸೀನ ಕೊನೇ ಗೋಬಿ ಬಾಯಿಗೆ ಹಾಕ್ಕೊಂಡ. "ಹೋಗ್ಲಿ, ಯಾರದ್ದಾದ್ರೂ ಒಂದು ಗ್ರಾಫ್ ಪ್ರಿಂಟ್ ಕೊಡು. ಅವರು ಮೂಡಿಗೆರೆಯವರು, ಗುಡ್ಡ ತೋರಿಸಿದ್ರೆ ನಂಬ್ತಾರೆ."